1818ರ ‘ರಾಮನ ನಾಣ್ಯ’ ಸುಳ್ಳು, ಚಾಮುಂಡಿ ನಾಣ್ಯ ನಿಜ: ಮುಮ್ಮಡಿ ಕೃಷ್ಣರಾಜ ಒಡೆಯರ ಕಥೆ

ಈಸ್ಟ್ ಇಂಡಿಯಾ ಕಂಪನಿ 1818ರಲ್ಲಿ ರಾಮ ಪಟ್ಟಾಭಿಷೇಕದ ಚಿತ್ರವಿರುವ ಎರಡಾಣೆ ನಾಣ್ಯ ಹೊರಡಿಸಿತ್ತು, ಈಗ ಅದಕ್ಕೆ ಲಕ್ಷಗಟ್ಟಲೆ ಬೆಲೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಸುಳ್ಳು. ಕಂಪನಿ ಅಂಥ ನಾಣ್ಯ ಅಚ್ಚು ಹಾಕಿಸಿಲ್ಲ. ಅವು ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆಗಳು. ಆದರೆ ಅದೇ 1818ರಲ್ಲಿ ಚಾಮರಾಜನಗರಕ್ಕೆ ಹೆಸರಿಟ್ಟ ದೊರೆಯ ನಾಣ್ಯಗಳಲ್ಲಿ ದೇವರು ನಿಜವಾಗಿಯೂ ಇದ್ದಾರೆ.

ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ, ಶ್ರೀರಂಗಪಟ್ಟಣದಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ಚಾಮರಾಜ ಒಡೆಯರು ತೀರಿಕೊಂಡರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರು ಐದು ವರ್ಷದ ಈ ಹುಡುಗನನ್ನು ಮೈಸೂರಿನ ಸಿಂಹಾಸನದಲ್ಲಿ ಕೂರಿಸಿದರು. ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು.

ದೊಡ್ಡವರಾದ ಮೇಲೆ ಅವರು ತಂದೆಯನ್ನು ಮರೆಯಲಿಲ್ಲ. ತಂದೆ ಹುಟ್ಟಿದ ಅರಿಕುಠಾರ ಊರಿಗೆ ಚಾಮರಾಜನಗರ ಎಂದು ಹೆಸರಿಟ್ಟರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು.

ಅವರ ನಾಣ್ಯಗಳನ್ನು ನೋಡಿದರೆ ಆ ಕಾಲದ ರಾಜಕೀಯವೇ ಕಾಣುತ್ತದೆ. ಬೆಳ್ಳಿ ರೂಪಾಯಿಯ ಮೇಲೆ ಇದ್ದದ್ದು ದೆಹಲಿಯ ಬಾದಶಹ ಶಾ ಆಲಂ ಹೆಸರು, ಪರ್ಷಿಯನ್ ಲಿಪಿಯಲ್ಲಿ. ಬಾದಶಹ 1806ರಲ್ಲಿ ತೀರಿಕೊಂಡರೂ ಹೆಸರು ಉಳಿಯಿತು. ಜನ ನಂಬಿದ ಹೆಸರಿದ್ದರೆ ಮಾತ್ರ ಪೇಟೆಯಲ್ಲಿ ನಾಣ್ಯ ಓಡುತ್ತಿತ್ತು. ಸಣ್ಣ ಬೆಳ್ಳಿ ನಾಣ್ಯಗಳಲ್ಲಿ ಮಾತ್ರ ಮನೆದೇವತೆ ಚಾಮುಂಡಿ ಬಂದಳು. ತಾಮ್ರದ ಕಾಸಿನಲ್ಲಿ ಟಿಪ್ಪು ಕಾಲದ ಆನೆಯೇ ಮುಂದುವರಿಯಿತು. ಅದರ ತಲೆಯ ಮೇಲೆ ಸೂರ್ಯ, ಚಂದ್ರ ಸೇರಿದರು. ಆಮೇಲೆ ಚಾಮುಂಡಿಯ ಹೆಸರು ಬಂತು, ಕೊನೆಗೆ ಆನೆಯ ಜಾಗಕ್ಕೆ ಸಿಂಹ ಬಂತು. ಅಕ್ಷರಗಳು ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರರಲ್ಲೂ ಇದ್ದವು. ಒಂದೇ ಕಾಸಿನಲ್ಲಿ ಮೂವರು ಯಜಮಾನರು!

ಇದು ಹೊಸ ಉಪಾಯವೇನಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತ್ತು. ರೋಮಿನ ಚಕ್ರವರ್ತಿ ಟೈಬೀರಿಯಸ್ ಕೂಡ ತಾನು ದೈವತ್ವ ಪಡೆದ ಅಗಸ್ಟಸ್‌ನ ಮಗನೆಂದು ನಾಣ್ಯದಲ್ಲೇ ಸಾರಿದ್ದ.

1831ರಲ್ಲಿ ಬ್ರಿಟಿಷರು ಮುಮ್ಮಡಿಯವರ ಕೈಯಿಂದ ಆಡಳಿತ ಕಿತ್ತುಕೊಂಡರು. ಟಂಕಸಾಲೆ ಬೆಂಗಳೂರಿಗೆ ಹೋಗಿ, 1843ರಲ್ಲಿ ಮುಚ್ಚಿತು. ರಾಜ್ಯ ಮರಳಿ ಕೇಳುತ್ತಲೇ ಬಂದ ದೊರೆ 1868ರಲ್ಲಿ ತೀರಿಕೊಂಡರು. ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಅದು ಸಿಕ್ಕಿದ್ದು 1881ರಲ್ಲಿ.

ಚಾಮರಾಜನಗರವೋ, ಗುಂಡ್ಲುಪೇಟೆಯೋ, ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಆನೆ ಕಾಸು ಇದ್ದರೆ ಜೋಪಾನ ಮಾಡಿ. ಉಜ್ಜಿ ಹೊಳಪು ಬರಿಸಬೇಡಿ, ಅಕ್ಷರ ಸವೆದುಹೋಗುತ್ತದೆ. ಹಳೆಯ ನಾಣ್ಯ ಕೊಳ್ಳುತ್ತೇವೆ, ಮೊದಲು ಕಮಿಷನ್ ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ ಹಣ ಕಳಿಸಬೇಡಿ. ತನ್ನ ಹೆಸರಿನಲ್ಲಿ ಹೀಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ರಾಮನ ನಾಣ್ಯದ ಫಾರ್ವರ್ಡ್ ಮತ್ತೆ ಬಂದರೆ, ಕಳಿಸಿದವರಿಗೆ ಈ ಕಥೆ ಕಳಿಸಿ.