ಸತ್ಯೇಂದ್ರನಾಥ ಬೋಸ್

ತನಗೇ ಸಮಾಧಾನವಾಗದ ವಿಷಯವನ್ನು ಗುರುವಾದವನು ಶಿಷ್ಯರಿಗೆ ಹೇಗೆ ಬೋಧಿಸಿಯಾನು? ಈ ಅಳುಕಿನಿಂದಲೇ ಭೌತವಿಜ್ಞಾನದ ಮಹತ್ತರ ಶೋಧನೆಯೊಂದು ಹುಟ್ಟಿತು. ಆ ಗುರುವೇ ಸತ್ಯೇಂದ್ರನಾಥ ಬೋಸ್.

ಬೋಸರು 1894ರ ಜನವರಿ 1ರಂದು ಕಲ್ಕತ್ತೆಯಲ್ಲಿ ಜನಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ಅವರಿಗೆ ಗುರುಗಳಾಗಿದ್ದರು. ಮೇಘನಾದ ಸಹಾ ಸಹಪಾಠಿಯಾಗಿದ್ದರು. 1915ರಲ್ಲಿ ಗಣಿತದ ಎಂ.ಎಸ್‌ಸಿ. ಪರೀಕ್ಷೆಯಲ್ಲಿ ಬೋಸರು ಮೊದಲಿಗರಾಗಿ ತೇರ್ಗಡೆ ಹೊಂದಿದರು. ಅಂದಿನ ನವೀನ ಭೌತವಿಜ್ಞಾನದ ಬರಹಗಳು ಬಹುಮಟ್ಟಿಗೆ ಜರ್ಮನ್ ಭಾಷೆಯಲ್ಲಿದ್ದವು. ಬೋಸರು ಆ ಭಾಷೆಯನ್ನೇ ಕಲಿತರು. ಸಹಾ ಅವರೊಡಗೂಡಿ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಬಂಧಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. ಆ ಗ್ರಂಥವನ್ನು ಕಲ್ಕತ್ತಾ ವಿಶ್ವವಿದ್ಯಾನಿಲಯವು 1920ರಲ್ಲಿ ಪ್ರಕಟಿಸಿತು.

1921ರಲ್ಲಿ ಢಾಕಾ ನಗರದಲ್ಲಿ ನೂತನ ವಿಶ್ವವಿದ್ಯಾನಿಲಯವು ಆರಂಭವಾಯಿತು. ಈಗ ಬಾಂಗ್ಲಾದೇಶದ ರಾಜಧಾನಿಯಾಗಿರುವ ಆ ಊರು ಅಂದು ಅವಿಭಕ್ತ ಭಾರತಕ್ಕೆ ಸೇರಿತ್ತು. ಬೋಸರು ಅಲ್ಲಿನ ಭೌತವಿಜ್ಞಾನ ವಿಭಾಗದಲ್ಲಿ ರೀಡರ್ ಆಗಿ ನೇಮಕಗೊಂಡರು. ಕಾದ ವಸ್ತುವು ಸೂಸುವ ವಿಕಿರಣದಲ್ಲಿ ಶಕ್ತಿಯು ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಹೇಳುವ ಸೂತ್ರವೊಂದನ್ನು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ನೀಡಿದ್ದರು. ಪ್ರಯೋಗಗಳು ಸೂತ್ರವನ್ನು ಸಮರ್ಥಿಸಿದವು. ಆದರೆ ಅದನ್ನು ಸಾಧಿಸುವ ದಾರಿಯಲ್ಲಿ ಹಳೆಯ ಮತ್ತು ಹೊಸ ತತ್ತ್ವಗಳು ಬೆರೆತು ಪರಸ್ಪರ ವಿರೋಧಿಸುತ್ತಿದ್ದವು. ತರಗತಿಯಲ್ಲಿ ಇದನ್ನು ವಿವರಿಸಬೇಕಾಗಿದ್ದ ಬೋಸರು ಈ ಕೊರತೆಯನ್ನು ಮರೆಮಾಚಲು ಒಪ್ಪಲಿಲ್ಲ.

ಬೆಳಕಿನ ಕಣಗಳಲ್ಲಿ ಒಂದನ್ನು ಮತ್ತೊಂದರಿಂದ ಬೇರೆಯೆಂದು ಗುರುತಿಸಲಾಗದು ಎಂಬ ಎಣಿಕೆಯ ಕ್ರಮವನ್ನು ಅವರು ಅನುಸರಿಸಿದರು. ಒಂದು ಕೆಂಪು, ಒಂದು ನೀಲಿ ಗೋಲಿಯನ್ನು ಎರಡು ಪೆಟ್ಟಿಗೆಗಳಲ್ಲಿ 4 ರೀತಿಯಾಗಿ ಇಡಬಹುದು. ಗೋಲಿಗಳೆರಡನ್ನೂ ಬೇರೆಬೇರೆಯಾಗಿ ಗುರುತಿಸಲು ಸಾಧ್ಯವಿಲ್ಲದಿದ್ದರೆ ಉಳಿಯುವುದು 3 ರೀತಿಗಳು ಮಾತ್ರ. ಇಂತಹ ಎಣಿಕೆಯಿಂದ ಪ್ಲಾಂಕರ ಸೂತ್ರವು ಹಳೆಯ ತತ್ತ್ವಗಳ ಆಸರೆಯಿಲ್ಲದೆ ಸಿದ್ಧಿಸಿತು.

1924ರ ಜೂನ್ ತಿಂಗಳಲ್ಲಿ ಬೋಸರು ತಮ್ಮ ಕಿರುಪ್ರಬಂಧವನ್ನು ಐನ್‌ಸ್ಟೈನರಿಗೆ ಕಳುಹಿಸಿದರು. ಅವರಿಗಾಗ 30 ವರ್ಷ. ಡಾಕ್ಟರೇಟ್ ಪದವಿಯೂ ಇರಲಿಲ್ಲ. ಜಗದ್ವಿಖ್ಯಾತ ವಿಜ್ಞಾನಿಯು ಅಪರಿಚಿತನ ಬರಹವನ್ನು ಬದಿಗಿಡಲಿಲ್ಲ. ತಾವೇ ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕಳುಹಿಸಿದರು. ಆ ಎಣಿಕೆಯನ್ನು ಅನಿಲದ ಕಣಗಳಿಗೂ ವಿಸ್ತರಿಸಿದರು. ಹಿಂದೆ ಐನ್‌ಸ್ಟೈನರನ್ನು ಅನುವಾದಿಸಿದ್ದವರ ಕೃತಿಯು ಹೀಗೆ ಐನ್‌ಸ್ಟೈನರಿಂದಲೇ ಅನುವಾದಗೊಂಡಿತು.

ಪ್ಯಾರಿಸ್ ಮತ್ತು ಬರ್ಲಿನ್ ನಗರಗಳಲ್ಲಿ ಕೆಲಕಾಲವಿದ್ದು 1926ರಲ್ಲಿ ಢಾಕಾಕ್ಕೆ ಮರಳಿದ ಬೋಸರು ಪ್ರಾಧ್ಯಾಪಕರಾಗಿ ವಿಭಾಗವನ್ನು ಬೆಳೆಸಿದರು. ಕ್ಷ-ಕಿರಣಗಳಿಂದ ಹರಳುಗಳ ರಚನೆಯನ್ನು ಅರಿಯುವ ಸಂಶೋಧನೆಗೆ ಅಲ್ಲಿ ನೆಲೆ ಒದಗಿಸಿದರು. 1945ರಲ್ಲಿ ಕಲ್ಕತ್ತೆಗೆ ಹಿಂದಿರುಗಿದರು. ವಿಜ್ಞಾನವು ಮಾತೃಭಾಷೆಯಲ್ಲಿ ಜನರಿಗೆ ತಲುಪಬೇಕೆಂದು 1948ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿದರು. 1974ರ ಫೆಬ್ರವರಿ 4ರಂದು ನಿಧನ ಹೊಂದಿದರು.

ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಲಿಲ್ಲ. ಆದರೂ ಅವರ ಎಣಿಕೆಗೆ ಒಳಪಡುವ ಕಣಗಳನ್ನು ಜಗತ್ತು ಬೋಸಾನ್ ಎಂದೇ ಕರೆಯುತ್ತದೆ. ಢಾಕಾದ ತರಗತಿಯೊಂದರಲ್ಲಿ ಪ್ರಾಮಾಣಿಕನಾದ ಗುರುವನ್ನು ಕಾಡಿದ ಸಂದೇಹವು ಆ ಹೆಸರಿನಲ್ಲಿ ಚಿರಸ್ಥಾಯಿಯಾಗಿದೆ.