ಹಾನ್ಸ್ ಬೆರ್ಗರ್: ಮಿದುಳಿನ ಲಿಪಿಯನ್ನು ಕಂಡ ವೈದ್ಯ

ತಲೆಗೆ ಲೋಹದ ಪುಟ್ಟ ಬಿಲ್ಲೆಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ತನ್ನು ರೇಖೆಗಳಾಗಿ ಬರೆಯಿಸುವ ಇ.ಇ.ಜಿ. ಪರೀಕ್ಷೆಯು ಇಂದು ಬೆಳಗಾವಿಯ ಆಸ್ಪತ್ರೆಗಳಲ್ಲಿ ನಿತ್ಯದ ಸಂಗತಿಯಾಗಿದೆ. ಮನುಷ್ಯನಲ್ಲಿ ಇದನ್ನು ಮೊದಲು ಸಾಧಿಸಿದವನು ಜರ್ಮನಿಯ ಮನೋವೈದ್ಯ ಹಾನ್ಸ್ ಬೆರ್ಗರ್. ಅವನ ಚರಿತ್ರೆಯಲ್ಲಿ ಅನುಕರಣೀಯವಾದುದೂ ಉಂಟು, ಎಚ್ಚರಿಕೆಯಾಗಿ ನೆನೆಯಬೇಕಾದುದೂ ಉಂಟು.

ಬೆರ್ಗರನು 1873ರ ಮೇ 21ರಂದು ಕೋಬುರ್ಗ್ ಪಟ್ಟಣದ ಬಳಿಯ ನಾಯ್ಸೆಸ್ ಗ್ರಾಮದಲ್ಲಿ ಜನಿಸಿದನು. ತಂದೆ ವೈದ್ಯನು, ತಾಯಿಯು ಕವಿ ಫ್ರೀಡ್ರಿಖ್ ರ್‍ಯೂಕರ್ಟನ ಮಗಳು. ನಳೋಪಾಖ್ಯಾನವನ್ನೂ ಜಯದೇವನ ಗೀತಗೋವಿಂದವನ್ನೂ ಜರ್ಮನ್ ಭಾಷೆಗೆ ತಂದ ಸಂಸ್ಕೃತಜ್ಞನೇ ಈ ರ್‍ಯೂಕರ್ಟ್. ಮೊಮ್ಮಗನು ಮೊದಲು ಖಗೋಳಶಾಸ್ತ್ರದತ್ತ ಒಲಿದಿದ್ದನು. ಸೈನ್ಯಸೇವೆಯಲ್ಲಿದ್ದಾಗ ಒಮ್ಮೆ ಕುದುರೆ ಬೆದರಿ, ಫಿರಂಗಿಯ ಗಾಡಿಯ ಮುಂದೆ ಬಿದ್ದು ಸ್ವಲ್ಪದರಲ್ಲಿ ಬದುಕಿಕೊಂಡನು. ಅಂದೇ ಸಂಜೆ ಕುಶಲ ವಿಚಾರಿಸಿ ತಂದೆಯಿಂದ ತಂತಿ ಬಂದಿತು. ದೂರದ ಮನೆಯಲ್ಲಿದ್ದ ಸೋದರಿಗೆ ಇವನಿಗೇನೋ ವಿಪತ್ತಾಯಿತೆಂಬ ಭೀತಿ ಹುಟ್ಟಿತ್ತಂತೆ. ಮನಸ್ಸಿನ ವ್ಯಾಪಾರವನ್ನು ಭೌತಶಾಸ್ತ್ರದ ಮಾನದಿಂದ ಅಳೆಯಬಹುದೇ ಎಂಬ ಪ್ರಶ್ನೆ ಅಂದಿನಿಂದ ಅವನನ್ನು ಬಿಡಲಿಲ್ಲ. ವೈದ್ಯಶಾಸ್ತ್ರವನ್ನು ಕಲಿತು 1897ರಲ್ಲಿ ಯೇನಾ ನಗರದ ಮನೋರೋಗ ಚಿಕಿತ್ಸಾಲಯವನ್ನು ಸೇರಿದನು.

ಪ್ರಾಣಿಗಳ ತೆರೆದ ಮಿದುಳಿನಲ್ಲಿ ವಿದ್ಯುತ್ತಿರುವುದನ್ನು ಲಿವರ್‌ಪೂಲಿನ ಕೇಟನ್ 1875ರಲ್ಲಿಯೇ ತಿಳಿಸಿದ್ದನು. ತೊಡಕೆಲ್ಲವೂ ಸ್ಪರ್ಶದ ಎಡೆಯಲ್ಲಿತ್ತು. ಒದ್ದೆಯಾದ ಅಂಗಕ್ಕೆ ಬರಿಯ ಲೋಹವನ್ನು ತಾಗಿಸಿದರೆ ಆ ಕೂಡುವೆಡೆಯಲ್ಲಿಯೇ ರಾಸಾಯನಿಕ ಕ್ರಿಯೆಯಿಂದ ವಿದ್ಯುತ್ತು ಹುಟ್ಟಿ, ನಿಜವಾದ ಸಂಕೇತವು ಮುಚ್ಚಿಹೋಗುವುದು. ಇದನ್ನು ತಡೆಯಲು ಬರ್ಲಿನ್ನಿನ ಡು ಬೋವಾ-ರೇಮಾನನು ಸತುವನ್ನು ಸತುವಿನ ಲವಣದ ದ್ರಾವಣದಲ್ಲಿಟ್ಟು, ಅದಕ್ಕೂ ಅಂಗಕ್ಕೂ ನಡುವೆ ಉಪ್ಪುನೀರಿನಲ್ಲಿ ನಾದಿದ ಜೇಡಿಮಣ್ಣನ್ನು ಇರಿಸಿದ್ದನು. ಖಾನಾಪುರದ ಕುಂಬಾರರು ಬಲ್ಲ ಮಣ್ಣಿನ ಹದವೇ ಯೂರೋಪಿನ ಪ್ರಯೋಗಶಾಲೆಯಲ್ಲಿಯೂ ಬೇಕಾಯಿತು.

1924ರ ಜುಲೈ 6ರಂದು, ಶಸ್ತ್ರಚಿಕಿತ್ಸೆಯಿಂದ ತಲೆಬುರುಡೆಯ ಭಾಗ ತೆರೆದಿದ್ದ ಹದಿನೇಳರ ಯುವಕನೊಬ್ಬನಲ್ಲಿ ಬೆರ್ಗರನು ಸೂಕ್ಷ್ಮ ಕಂಪನಗಳನ್ನು ಕಂಡನು. ಆದರೆ ಪ್ರಕಟಿಸಲಿಲ್ಲ. ಇದು ರಕ್ತದ ಮಿಡಿತವೇ, ಸ್ನಾಯುವಿನದೇ, ಲೋಹದ್ದೇ ಎಂದು ಐದು ವರ್ಷ ತನ್ನನ್ನೇ ಪ್ರಶ್ನಿಸಿಕೊಂಡನು. ಚರ್ಮದಡಿಯ ಸೂಜಿಗಳನ್ನೂ, ರಬ್ಬರ್ ಪಟ್ಟಿಯಿಂದ ಬಿಗಿದ ತೆಳುತಗಡುಗಳನ್ನೂ ಪರೀಕ್ಷಿಸಿದನು; ತನ್ನ ಮಗನನ್ನೂ ಪ್ರಯೋಗಕ್ಕೆ ಕೂಡಿಸಿದನು. 1929ರಲ್ಲಿ ಪ್ರಥಮ ಲೇಖನ ಹೊರಬಂದಿತು. ಕಣ್ಣು ಮುಚ್ಚಿ ವಿಶ್ರಮಿಸುವವನಲ್ಲಿ ಸೆಕೆಂಡಿಗೆ ಸುಮಾರು 10 ಬಾರಿ ಏಳುವ, ಕಣ್ಣು ತೆರೆದೊಡನೆ ಅಡಗುವ ಅಲೆಗೆ ಆಲ್ಫಾ ಎಂದು ಹೆಸರಿಟ್ಟನು. ಸ್ವದೇಶದ ಪಂಡಿತರು ಬಹುಕಾಲ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ದೃಢಪಡಿಸಿದ ಮೇಲೆ ಲೋಕವು ಒಪ್ಪಿತು. ಯೌವನದ ಬೆರಗಿಗೆ ಮಾತ್ರ ಈ ಅಲೆಗಳಲ್ಲಿ ಉತ್ತರ ದೊರೆಯಲಿಲ್ಲ.

ಮುಂದಿನ ಮಾತನ್ನು ಮರೆಮಾಚಲಾಗದು. ನಾಟ್ಸಿ ಆಳ್ವಿಕೆಯಲ್ಲಿ, ಮನೋರೋಗಿಗಳೇ ಮೊದಲಾದವರಿಗೆ ಬಲಾತ್ಕಾರದಿಂದ ಸಂತಾನಹರಣ ಚಿಕಿತ್ಸೆಯನ್ನು ವಿಧಿಸುತ್ತಿದ್ದ ನ್ಯಾಯಮಂಡಲಿಯಲ್ಲಿ ಬೆರ್ಗರನು ಸದಸ್ಯನಾಗಿದ್ದನು. ರೋಗಿಯ ತಲೆಯಿಂದ ಬಂದ ಅತಿಕ್ಷೀಣ ಸಂಕೇತವನ್ನು ಅಷ್ಟು ತಾಳ್ಮೆಯಿಂದ ಆಲಿಸಿದವನು ಅಂಥ ರೋಗಿಗಳ ಗೋಳನ್ನು ಕೇಳದೆ ಹೋದನು. 1938ರಲ್ಲಿ ನಿವೃತ್ತನಾಗಿ, ವಿಷಾದಗ್ರಸ್ತನಾಗಿ, 1941ರ ಜೂನ್ 1ರಂದು ಆತ್ಮಹತ್ಯೆ ಮಾಡಿಕೊಂಡನು.

ಮಿದುಳಿನ ಸಂಕೇತದಿಂದಲೇ ಗಣಕಯಂತ್ರವನ್ನು ನಡೆಸುವ ವಿದ್ಯೆಗೆ ಅಮೆರಿಕದ ವಿದಾಲ್ 1973ರಲ್ಲಿ ನಾಮಕರಣ ಮಾಡಿದನು. ತಲೆಗೆ ತೊಡುವ ಪಟ್ಟಿಯಾಗಿ ಅದು ಇಂದು ರೂಪುಗೊಳ್ಳುತ್ತಿದೆ. ಬೆಳ್ಳಿ ಕ್ಲೋರೈಡಿನ ಲೇಪವುಳ್ಳ ಬೆಳ್ಳಿಯು ಈಗಲೂ ಉತ್ತಮ. ಆದರೆ ಅದಕ್ಕೆ ಹಚ್ಚುವ ಲವಣದ ಲೇಹ್ಯ ಒಣಗಿದೊಡನೆ ಸಂಕೇತ ಕೆಡುವುದು. ಅದಕ್ಕಾಗಿ ಇಂಗಾಲ, ಗ್ರ್ಯಾಫೀನ್, ವಿದ್ಯುದ್ವಾಹಕ ಪಾಲಿಮರ್, ನೀರನ್ನು ಹಿಡಿದಿಡುವ ಮೃದುವಾದ ಜೆಲ್ ಮೊದಲಾದವುಗಳ ಪರೀಕ್ಷೆ ನಡೆದಿದೆ. ಕೂದಲು, ಬೆವರುಗಳ ನಡುವೆ ಚರ್ಮವನ್ನು ನೋಯಿಸದೆ ತಾಗಿರುವುದು ಹೇಗೆಂಬುದೇ ಇಂದಿನ ಪ್ರಶ್ನೆ. ನಾಳೆ ಇದನ್ನು ಬಿಡಿಸಹೊರಡುವ ನಮ್ಮ ಮಕ್ಕಳಿಗೆ ಬೆರ್ಗರನ ತಾಳ್ಮೆಯನ್ನೂ, ಅವನಲ್ಲಿ ಸೋತುಹೋದ ದಯೆಯನ್ನೂ ನಾವು ಜೊತೆಯಾಗಿಯೇ ಕಲಿಸಬೇಕಾಗಿದೆ.