ಸರ್ಪಗಂಧದ ಬೇರು, ಡಾ. ವಕೀಲ್ ಮತ್ತು ಫಾರ್ವರ್ಡ್ ಹೇಳದ ಅರ್ಧ ಕಥೆ

ಬಿಪಿ ಮಾತ್ರೆ ಬಿಟ್ಟು ಸರ್ಪಗಂಧದ ಬೇರಿನ ಪುಡಿ ತಿನ್ನಿ, ಅಡ್ಡಪರಿಣಾಮ ಇಲ್ಲವೇ ಇಲ್ಲ, ಇದನ್ನು ಡಾ. ವಕೀಲ್ ಎಂಬ ಭಾರತದ ವೈದ್ಯರೇ ಸಾಬೀತು ಮಾಡಿದ್ದಾರೆ ಎನ್ನುವ ವಾಟ್ಸಾಪ್ ಸಂದೇಶವೊಂದು ಕೊಪ್ಪಳ, ಗಂಗಾವತಿ ಕಡೆಯ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಅದನ್ನು ನಮಗೆ ಕಳಿಸಿದವರು ಕುಷ್ಟಗಿಯ ಓದುಗರೊಬ್ಬರು. ಸಂದೇಶ ನಂಬಿ ಅವರ ತಾಯಿ ಮಾತ್ರೆ ನಿಲ್ಲಿಸಿ ಹದಿನೈದು ದಿನವಾಗಿತ್ತು.

ಬೇರು ನಿಜ, ವೈದ್ಯರೂ ನಿಜ. ಆದರೆ ಅವರ ಕಥೆಯನ್ನು ಫಾರ್ವರ್ಡ್ ಅರ್ಧಕ್ಕೇ ಕತ್ತರಿಸಿದೆ.

ರುಸ್ತುಂ ಜಾಲ್ ವಕೀಲ್ 1911ರಲ್ಲಿ ಮುಂಬೈಯ ಪಾರ್ಸಿ ಮನೆತನದಲ್ಲಿ ಹುಟ್ಟಿದರು. ಹೆಸರಷ್ಟೇ ವಕೀಲ್, ಓದಿದ್ದು ವೈದ್ಯಕೀಯ, ಅದೂ ಲಂಡನ್‌ನಲ್ಲಿ. 1930ರ ದಶಕದ ಕೊನೆಗೆ ಊರಿಗೆ ಮರಳಿ ಕೆಇಎಂ ಆಸ್ಪತ್ರೆಯಲ್ಲಿ ಹೃದ್ರೋಗಿಗಳನ್ನು ನೋಡತೊಡಗಿದರು. ಆಗ ತೀವ್ರ ಬಿಪಿಗೆ ಹೇಳಿಕೊಳ್ಳುವಂಥ ಮಾತ್ರೆಯೇ ಇರಲಿಲ್ಲ. ಉಪ್ಪು ಪೂರ್ತಿ ಬಿಡಿಸುತ್ತಿದ್ದರು, ಕೆಲವರಿಗೆ ಬೆನ್ನಿನ ಬಳಿಯ ನರಗಳನ್ನೇ ಕತ್ತರಿಸುತ್ತಿದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರ ಬಿಪಿ ಏರುತ್ತಿದ್ದುದು ವೈದ್ಯರಿಗೆ ಗೊತ್ತಿದ್ದೂ ಇಳಿಸುವ ದಾರಿ ಇರಲಿಲ್ಲ.

ಸರ್ಪಗಂಧ ವಕೀಲರ ಶೋಧವಲ್ಲ. ನಮ್ಮ ನಾಟಿ ವೈದ್ಯರಿಗೆ ಅದು ಮೊದಲೇ ಗೊತ್ತಿತ್ತು. ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬಿಪಿಗೆ ಅದರ ಬಳಕೆ ಕುರಿತು ಬರೆದಿದ್ದರು. ವಕೀಲರು ಮಾಡಿದ್ದು ಅಳತೆಯ ಕೆಲಸ. 50 ರೋಗಿಗಳಿಗೆ ಬೇರಿನ ಮಾತ್ರೆ ಕೊಟ್ಟು, ಬಿಪಿ ಬರೆದಿಟ್ಟು, ಫಲಿತಾಂಶವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಹೆಚ್ಚಿನವರ ಬಿಪಿ ಇಳಿದಿತ್ತು. ಅದಾದ ಮೇಲೆ ಬಾಸ್ಟನ್‌ನಲ್ಲಿ ರಾಬರ್ಟ್ ವಿಲ್ಕಿನ್ಸ್ ಇದೇ ಬೇರನ್ನು ಪರೀಕ್ಷಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು.

ಅದು ಕೆಲಸ ಮಾಡುವ ಬಗೆಯನ್ನು ಗಂಗಾವತಿಯ ರೈಸ್ ಮಿಲ್ ನೆನೆದುಕೊಂಡು ನೋಡಿ. ಗಾಬರಿಯಾದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ನರಜಾಲಕ್ಕೆ ಅನುವೇದಕ ನರಮಂಡಲ ಎಂದು ಹೆಸರು. ಇದರ ನರಗಳ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಿದ್ದು, ಅವುಗಳಲ್ಲಿ ನಾರ್‌ಅಡ್ರಿನಲಿನ್ ತುಂಬಿರುತ್ತದೆ. ಚೀಲ ಬಿಚ್ಚಿದರೆ ರಕ್ತನಾಳ ಬಿಗಿಯುತ್ತದೆ, ಹೃದಯ ಜೋರಾಗಿ ಹೊಡೆಯುತ್ತದೆ, ಬಿಪಿ ಏರುತ್ತದೆ. ಈ ನರಗಳು ದಿನವಿಡೀ ಎಚ್ಚರವಾಗಿಯೇ ಇದ್ದರೆ ವರ್ಷಗಳು ಕಳೆದಂತೆ ಹೃದಯದ ಗೋಡೆ ದಪ್ಪವಾಗಿ ದಣಿಯುತ್ತದೆ. ರಿಸರ್ಪಿನ್ ಚೀಲಕ್ಕೆ ಮಾಲು ತುಂಬಲು ಬಿಡುವುದಿಲ್ಲ. ಹೊರಗೇ ಉಳಿದ ಮಾಲು ನೆನೆದ ಭತ್ತದಂತೆ ಕೆಡುತ್ತದೆ.

ಆದರೆ ಅಂಥದೇ ಚೀಲಗಳು ಮೆದುಳಿನಲ್ಲೂ ಇವೆ, ರಿಸರ್ಪಿನ್ ಅವನ್ನೂ ಬರಿದು ಮಾಡುತ್ತದೆ. ಮೂಗು ಕಟ್ಟುವುದು, ಮಂಪರು, ನಾಡಿ ನಿಧಾನವಾಗುವುದು ಇದರ ಅಡ್ಡಪರಿಣಾಮಗಳು. 1950ರ ದಶಕದಲ್ಲೇ, ಮುಖ್ಯವಾಗಿ ಹೆಚ್ಚಿನ ಪ್ರಮಾಣ ತೆಗೆದುಕೊಂಡ ಕೆಲವರಲ್ಲಿ ಖಿನ್ನತೆ ಕಂಡ ವರದಿಗಳು ಬಂದವು. ಕಾರಣ ಔಷಧವೇ ಹೌದೇ ಎಂಬ ಚರ್ಚೆ ಮುಗಿದಿಲ್ಲವಾದರೂ, ಖಿನ್ನತೆ ಇದ್ದವರಿಗೆ ಇದನ್ನು ಕೊಡಬಾರದೆಂಬ ಎಚ್ಚರಿಕೆ ಇಂದಿಗೂ ಇದೆ. ಪುಡಿಯದು ಇನ್ನೊಂದು ತೊಂದರೆ: ಗಿಡದಿಂದ ಗಿಡಕ್ಕೆ ಔಷಧದ ಅಂಶ ಬೇರೆ. ನೀವು ತಿಂದ ಚಮಚದಲ್ಲಿ ಎಷ್ಟಿದೆ ಎಂದು ಮನೆಯಲ್ಲಿ ತಿಳಿಯುವಂತಿಲ್ಲ.

ವಕೀಲರಿಗೆ 1957ರಲ್ಲಿ ಲಾಸ್ಕರ್ ಪ್ರಶಸ್ತಿ, ಮರುವರ್ಷ ಪದ್ಮಭೂಷಣ ಬಂದವು. ಅಮೆರಿಕದಲ್ಲಿ ಎಡ್ವರ್ಡ್ ಫ್ರೈಸ್ ನೇತೃತ್ವದ ಅಧ್ಯಯನ 1967 ಮತ್ತು 1970ರಲ್ಲಿ ಬಿಪಿ ಇಳಿಸಿದರೆ ಲಕ್ವ ಕಡಿಮೆಯಾಗುತ್ತದೆ ಎಂದು ತೋರಿಸಿತು. ಅದರಲ್ಲಿ ಬಳಸಿದ ಮೂರು ಔಷಧಗಳಲ್ಲಿ ರಿಸರ್ಪಿನ್ ಕೂಡ ಒಂದು. 1974ರಲ್ಲಿ ವಕೀಲರು ತೀರಿಕೊಳ್ಳುವ ಹೊತ್ತಿಗೆ ಹೊಸ ಮಾತ್ರೆಗಳು ಬರತೊಡಗಿದ್ದವು. ಇಂದು ವೈದ್ಯರು ರಿಸರ್ಪಿನ್ ಬರೆಯುವುದು ಅಪರೂಪ.

ಕುಷ್ಟಗಿಯ ಆ ಓದುಗರಿಗೆ, ತಾಯಿಯನ್ನು ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಬಿಪಿ ನೋಡಿಸಿ, ಪುಡಿಯ ಡಬ್ಬಿಯನ್ನೂ ಒಯ್ಯಿರಿ ಎಂದು ಹೇಳಿದೆವು. ಒಯ್ದರು. ಹಳೆಯ ಮಾತ್ರೆ ಮತ್ತೆ ಶುರುವಾಗಿದೆ.